ಹತ್ತು ಭಾನುವಾರಗಳ ಬೈಗುಳ

"ಇದನ್ನ ಯಾರ್ರೀ ಸುಟ್ಟಿದ್ದು?"

ಮುಳಬಾಗಿಲಿನ ತನ್ನ ಮರಗೆಲಸದ ಅಂಗಡಿಯಲ್ಲಿ ವಾಣಿಶ್ರೀ ಕೂಗಿದ ರಭಸಕ್ಕೆ ಎದುರಿಗಿದ್ದವನು ಒಂದು ಹೆಜ್ಜೆ ಹಿಂದೆ ಸರಿದ.

ಅವಳ ಕೈಯಲ್ಲಿದ್ದದ್ದು ಹಳೆಯ ಬಂದೂಕಿನ ಮರದ ಹಿಡಿ. ದೇವರಾಯಸಮುದ್ರದ ಕೆರೆ ಉಕ್ಕಿ ಮನೆಗಳಿಗೆ ನೀರು ನುಗ್ಗಿದ ಮೇಲೆ ಅಂಥ ನಾಲ್ಕು ಹಿಡಿಗಳು ಅವಳಲ್ಲಿಗೆ ರಿಪೇರಿಗೆ ಬಂದಿದ್ದವು. ಲೈಸೆನ್ಸ್ ಇದ್ದ ರೈತರು ಕಬ್ಬಿಣದ ಭಾಗವನ್ನು ಕೋಲಾರದ ಬಂದೂಕಿನ ಅಂಗಡಿಗೆ ಒಪ್ಪಿಸಿ, ಮರವನ್ನಷ್ಟೇ ಇವಳಿಗೆ ಕೊಡುತ್ತಿದ್ದರು. ಉಳಿದ ಮೂರು ನೀರು ಕುಡಿದು ಊದಿದ್ದವು. ಇದೊಂದು ಮಾತ್ರ ಉದ್ದಕ್ಕೂ ಸೀಳಿ, ಅಂಚು ಕರಕಲಾಗಿತ್ತು.

"ನಾನೇ. ಹೆಸರು ಮುನೇಶ್. ಮಾಲೂರಲ್ಲಿ ಇಟ್ಟಿಗೆ ಗೂಡಿನ ಸೂಪರ್‌ವೈಸರ್. ಬೇಗ ಒಣಗ್ಲಿ ಅಂತ ಗೂಡಿನ ಪಕ್ಕ ಇಟ್ಟಿದ್ದೆ."

"ನೆನೆದ ಮರಾನ ಗೋಣಿ ಸುತ್ತಿ, ನೆರಳಲ್ಲಿ ತಿಂಗಳುಗಟ್ಟಲೆ ಒಣಗಿಸ್ಬೇಕು. ಹಪ್ಪಳ ಸುಟ್ಟಂಗೆ ಸುಟ್ಟಿದ್ದೀರಲ್ಲ!"

ಬೈಯುತ್ತಲೇ ಅವಳು ಹಿಡಿಯ ಹಿಂಬದಿಯ ತಗಡು ಬಿಚ್ಚಿದಳು. ಒಳಗೆ ಉಳಿಯಲ್ಲಿ ಕೊರೆದ 'ರಾ' ಅಕ್ಷರ. ಅವಳ ಅಪ್ಪ ರಾಮಚಂದ್ರಪ್ಪ ತಾವು ಮಾಡಿದ ಪ್ರತಿಯೊಂದರ ಮೇಲೂ ಹಾಗೆ ಕೊರೆಯುತ್ತಿದ್ದರು. ಅವರು ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ.

"ನಮ್ಮಪ್ಪ ಮಾಡಿದ್ದು ಇದು." ದನಿ ನಡುಗಿದ್ದು ಅವನಿಗೆ ಕೇಳಿಸಿತಲ್ಲ ಎಂದು ಇನ್ನಷ್ಟು ಸಿಟ್ಟು ಬಂತು. "ಪ್ರತಿ ಭಾನುವಾರ ಬನ್ನಿ. ಸುಟ್ಟವರೇ ಕೂತು ಉಜ್ಜಿ."

ಅವನು ಬಂದ. ಅವಳು ಸೀಳಿಗೆ ಅಂಟು ತುಂಬಿ, ಕರಕಲು ಕೆತ್ತಿ ಬೀಟೆ ಮರದ ತುಂಡು ಕೂರಿಸಿದಳು. ಅವನು ಉಪ್ಪುಕಾಗದ ಹಿಡಿದು ಉಜ್ಜಿದ, ವಾರವಾರ ಅಗಸೆ ಎಣ್ಣೆ ತಿಕ್ಕಿದ.

"ಮರದ ಎಳೆ ಹೋದ ಕಡೆಗೇ ಉಜ್ಜಿ ಅಂದೆ. ಕುದುರೆ ಮೈ ತಿಕ್ತಿದ್ದೀರಾ?"

"ಕುದುರೆ ಆಗಿದ್ರೆ ಒದ್ದು ಬುದ್ಧಿ ಕಲಿಸ್ತಿತ್ತು."

"ಆ ಕೆಲಸ ನನಗೆ ಬಿಡಿ."

ಅವನು ತಲೆ ತಗ್ಗಿಸಿ ನಕ್ಕ. ಹುಬ್ಬಿನ ಮೇಲೆ ಮರದ ಪುಡಿ ಕೂತಿತ್ತು. ಅವಳು ಅದನ್ನು ಮೂರು ಸಲ ನೋಡಿದಳು, ನೋಡಿದ್ದಕ್ಕೆ ತನ್ನನ್ನೇ ಬೈದುಕೊಂಡಳು. ಆರನೇ ವಾರದ ಹೊತ್ತಿಗೆ ಬಸ್ ತಡವಾದರೆ ಬಸ್ಸಿನ ಮೇಲೆ ಸಿಟ್ಟು, ಬಂದರೆ ಅವನ ಮೇಲೆ ಸಿಟ್ಟು.

ಹತ್ತನೇ ಭಾನುವಾರ ಕೆಲಸ ಮುಗಿಯಿತು. ಬುಧವಾರ ಹಿಡಿ ಒಯ್ಯಲು ಬಂದದ್ದು ಮುನೇಶನ ತಂದೆ ವೆಂಕಟರಮಣಪ್ಪ. ಮರವನ್ನು ಸವರುತ್ತಲೇ ಅವರ ಕಣ್ಣು ತುಂಬಿತು.

"ತಪ್ಪು ನಂದು ಕಣಮ್ಮ, ತಾಯಿ. ಮನೆಗೆ ನೀರು ನುಗ್ಗಿದ್ಮೇಲೆ ಮಾಲೂರಲ್ಲಿ ಮಗನ ಜೊತೆ ಇದ್ದೆ. ಮಗ ಬೇಡ ಅಂದಿದ್ದ. ಅವನಿಲ್ದಾಗ ನಾನೇ ಗೂಡಿನ ಹತ್ರ ಇಟ್ಬಿಟ್ಟೆ. ನಿಮ್ಮಪ್ಪ ಕೈಯಾರೆ ಮಾಡ್ಕೊಟ್ಟಿದ್ದು, ನಿನ್ನ ಮುಖ ನೋಡೋಕೇ ಆಗ್ದೆ ಅವನನ್ನ ಕಳಿಸ್ದೆ."

ವಾಣಿಶ್ರೀ ಅಂಗಡಿಗೆ ಬೀಗ ಜಡಿದಳು. ಕೋಲಾರದಲ್ಲಿ ಬಸ್ ಬದಲಿಸಿ ಮಾಲೂರಿಗೆ ಹೋಗಿ, ಇಟ್ಟಿಗೆ ಗೂಡಿನ ಕೆಂಪು ಧೂಳಿನ ನಡುವೆ ನಡೆದು ಅವನೆದುರು ನಿಂತಳು.

"ಸುಟ್ಟಿದ್ದು ನೀವಲ್ಲ!"

"ಅಲ್ಲ."

"ಮತ್ತೆ ಹತ್ತು ವಾರ ಯಾಕ್ರೀ ಬೈಸ್ಕೊಂಡ್ರಿ?"

ಇಟ್ಟಿಗೆ ಹೊರುತ್ತಿದ್ದವರೆಲ್ಲ ನಿಂತು ನೋಡಿದರು.

"ಮೊದಲನೇ ದಿನ ನಮ್ಮಪ್ಪನ ಹೆಸರು ಹೇಳೋಕೆ ಬಾಯಿ ಬರ್ಲಿಲ್ಲ. ಎರಡನೇ ವಾರ ಹೇಳೋಣ ಅಂತಾನೇ ಬಂದೆ." ಅವನು ತಲೆಯ ಟವೆಲ್ ಬಿಚ್ಚಿ ಕೈಯಲ್ಲಿ ಹಿಂಡಿದ. "ಹೇಳಿದ್ರೆ ಮೂರನೇ ವಾರ ಬರೋಕೆ ನೆಪ ಇರ್ತಿರ್ಲಿಲ್ಲ. ನಿಮ್ಮನ್ನ ನೋಡ್ದೆ ಇರೋಕೆ ನನ್ನ ಕೈಲಿ ಆಗಲ್ಲ, ವಾಣಿ."

"ಅಪ್ಪ ಇಲ್ಲ ಅನ್ನೋ ಸಿಟ್ಟೆಲ್ಲ ನಿಮ್ಮ ಮೇಲೆ ಹಾಕ್ದೆ. ಒಂದಿನಾನೂ ಎದುರು ಮಾತಾಡ್ಲಿಲ್ಲ ನೀವು. ಈಗ ನನಗೆ ಎಷ್ಟು ಸಂಕಟ ಆಗ್ತಿದೆ ಗೊತ್ತಾ?"

"ಬೈಯಿರಿ."

ಅವಳು ಬಾಯಿ ತೆರೆದಳು. ಒಂದು ಬೈಗುಳವೂ ಸಿಗಲಿಲ್ಲ. ಕಣ್ಣೊರೆಸಿಕೊಂಡು, ಮೊದಲ ಬಾರಿಗೆ ಏಕವಚನದಲ್ಲಿ ಹೇಳಿದಳು: "ಭಾನುವಾರ ಬಾ. ಕೆಲಸ ಏನೂ ಇಲ್ಲ. ಸುಮ್ಮನೆ ಬಾ."

"ಇವತ್ತಿನ್ನೂ ಬುಧವಾರ. ತುಂಬಾ ದೂರ ಆಯ್ತು ಕಣೇ," ಎಂದು ಅವನು ಅವಳ ಜೊತೆ ಬಸ್‌ಸ್ಟ್ಯಾಂಡಿನ ಕಡೆಗೆ ನಡೆದ.