ಕೆಂಪು ಬಟ್ಟೆ ಕಟ್ಟಿದ ಸಾಲು

"ಕಣ್ಣು ಬಿಡೋ ಚೋಟು! ಇಲ್ಲಿ ನೋಡು, ಅಮ್ಮನ್ನ ನೋಡು!"

ಆಸ್ಪತ್ರೆಯ ಮಂಚದ ಮೇಲೆ ಬಾಗಿ ಅಮ್ಮ ಅವನ ಕೆನ್ನೆ ತಟ್ಟುತ್ತಿದ್ದಳು. ಆರು ವರ್ಷದ ಚೋಟುವಿನ ಬಾಯಿಂದ ಜೊಲ್ಲು ಒಂದೇ ಸಮನೆ ಸುರಿಯುತ್ತಿತ್ತು. ಮೈಯೆಲ್ಲ ಬೆವರು. ಆಗಲೇ ಮೂರು ಸಲ ವಾಂತಿ. ಅವನ ಅಕ್ಕ ಗುಬ್ಬಿ ಗೋಡೆಗೆ ಅಂಟಿಕೊಂಡು ನಿಂತಿದ್ದಳು.

"ಏನು ತಿಂದ?" ಅವನ ಕಣ್ಣಿಗೆ ಟಾರ್ಚ್ ಬಿಟ್ಟು ಡಾಕ್ಟರಮ್ಮ ಕೇಳಿದರು.

"ಒಂದೇ ಒಂದು ಸೌತೆಕಾಯಿ, ನಮ್ಮ ತೋಟದ್ದೇ," ಅಂದ ಅಪ್ಪ. "ಬೆಳಿಗ್ಗೆ ಆ ಸಾಲಿಗೆ ಔಷಧಿ ಹೊಡೆದಿದ್ದೆ."

"ಔಷಧಿ ನಾನು ಕೊಡೋದು ರೀ. ನೀವು ಹೊಡೆದಿದ್ದು ವಿಷ. ತೊಳೆದು ತಿಂದನಾ?"

"ನಲ್ಲಿ ಕೆಳಗೆ ಉಜ್ಜಿ ಉಜ್ಜಿ ತೊಳೆದ. ನಾನೇ ನೋಡಿದೆ," ಅಂದಳು ಗುಬ್ಬಿ.

ಅವರ ಮನೆಯಲ್ಲಿ ಒಂದು ಕಟ್ಟುನಿಟ್ಟಿತ್ತು. ಔಷಧಿ ಹೊಡೆದ ಸಾಲಿನ ಮೊದಲ ಗೂಟಕ್ಕೆ ಅಪ್ಪ ಕೆಂಪು ಬಟ್ಟೆ ಕಟ್ಟುತ್ತಿದ್ದ. ಬಟ್ಟೆ ಕಂಡರೆ ಮನೆಯವರು ಆ ಸಾಲಿಗೆ ಕೈ ಚಾಚುವಂತಿಲ್ಲ. ಬಚ್ಚಲ ಪಕ್ಕದ ನಾಲ್ಕು ಬಳ್ಳಿಗೆ ಮಾತ್ರ ಔಷಧಿ ಸೋಕಿಸುತ್ತಿರಲಿಲ್ಲ. ಅದು ಮನೆಗೆ. ನಡೆಯಲು ಕಲಿತಾಗಿನಿಂದ ಚೋಟುವಿಗೂ ಇದು ಗೊತ್ತು.

"ಬಟ್ಟೆ ಕಟ್ಟಿರ್ಲಿಲ್ವಾ ನೀವು?" ಅಮ್ಮ ಅಪ್ಪನ ಮೇಲೆ ಹರಿಹಾಯ್ದಳು.

"ಇದೇ ಕೈಯಲ್ಲಿ ಕಟ್ಟಿದ್ದೆ ಕಣೇ!"

ಗುಬ್ಬಿ ಗೋಡೆ ಬಿಟ್ಟು ಮುಂದೆ ಬಂದಳು. "ನಾನೇ ಬಿಚ್ಕೊಂಡೆ ಅಪ್ಪ. ಗಾಳಿಪಟಕ್ಕೆ ಬಾಲ ಬೇಕಿತ್ತು."

ಅಪ್ಪ ಕೈ ಎತ್ತಿದ. ಅಷ್ಟರಲ್ಲಿ ಚೋಟು ನರಳಿದ. ಎತ್ತಿದ ಕೈ ಹಾಗೇ ಇಳಿಯಿತು.

ಸಂಜೆ ಹೊತ್ತಿಗೆ, ಎರಡು ಬಾಟಲಿ ಡ್ರಿಪ್ ಇಳಿದ ಮೇಲೆ, ಚೋಟು ಕಣ್ಣು ಬಿಟ್ಟ. "ಅಕ್ಕಾ, ಗಾಳಿಪಟ ಹಾರ್ತಾ?"

ಅಷ್ಟೊತ್ತು ತಡೆದಿದ್ದ ಅಳು ಗುಬ್ಬಿಗೆ ಆಗ ಒತ್ತರಿಸಿಕೊಂಡು ಬಂತು.

ಮರುದಿನ ಬೆಳಿಗ್ಗೆ ಅಮ್ಮ ಆಸ್ಪತ್ರೆಯಲ್ಲೇ ಉಳಿದಳು. ತೋಟದಲ್ಲಿ ಅಪ್ಪ ಅದೇ ಸಾಲಿನ ಕಾಯಿ ಕೊಯ್ದು ಕ್ರೇಟಿಗೆ ತುಂಬುತ್ತಿದ್ದ. ಗುಬ್ಬಿ ಒಂದು ಕಾಯಿ ಎತ್ತಿಕೊಡಲು ಹೋದಳು.

"ಏಯ್, ಬರಿಗೈಲಿ ಮುಟ್ಬೇಡ! ಗ್ಲೌಸ್ ಹಾಕ್ಕೋ."

ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. "ಇದು ಎಲ್ಲಿಗೆ ಹೋಗುತ್ತೆ ಅಪ್ಪ?"

"ಇನ್ನೆಲ್ಲಿಗೆ, ಪೇಟೆಗೆ. ನಾಳೆಗೆ ಬಲಿತು ಹಳದಿಯಾದ್ರೆ ಯಾರೂ ಮೂಸಿ ನೋಡಲ್ಲ."

"ನಮ್ಮ ಮಿಸ್ಸು ದಿನಾ ಡಬ್ಬೀಲಿ ಸೌತೆಕಾಯಿ ತರ್ತಾರೆ. ಪೇಟೇಲೇ ತಗೊಳ್ಳೋದಂತೆ. ನಮಗೂ ಒಂದೊಂದು ಪೀಸ್ ಕೊಡ್ತಾರೆ."

ಅಪ್ಪ ಕಾಯಿ ಜೋಡಿಸುತ್ತಲೇ ಇದ್ದ. "ತೊಳ್ಕೊಂಡು ತಿಂತಾರೆ ಬಿಡು."

"ಚೋಟೂನೂ ತೊಳ್ಕೊಂಡೇ ತಿಂದಿದ್ದು."

ಅಪ್ಪನ ಕೈ ನಿಂತಿತು.

ರಸ್ತೆಯಲ್ಲಿ ಟೆಂಪೋ ಹಾರನ್ ಹೊಡೆಯಿತು. ಗುಬ್ಬಿ ಒಳಗೆ ಓಡಿದಳು. ಗಾಳಿಪಟ ಬಾಗಿಲ ಹಿಂದೆ ಬಿದ್ದಿತ್ತು. ಅದರ ಬಾಲ ಕಿತ್ತು ತಂದು, ಮೇಲಿನ ಕ್ರೇಟಿನ ಹಿಡಿಗೆ ಎರಡು ಗಂಟು ಹಾಕಿ ಬಿಗಿದಳು. ಉಳಿದ ಕ್ರೇಟುಗಳನ್ನು ನೋಡಿದಳು. ಅವಕ್ಕೆ ಬಟ್ಟೆ ಸಾಲದು.

ನಿನ್ನೆ ಅವಳು ಬಟ್ಟೆ ಬಿಚ್ಚಿದ್ದು ಒಂದೇ ಒಂದು ಸಲ. ಈ ಕ್ರೇಟುಗಳಿಗೆ ಯಾರೂ ಯಾವತ್ತೂ ಕಟ್ಟಿಯೇ ಇರಲಿಲ್ಲ.

"ಏನಣ್ಣಾ, ಇವತ್ತೇನು ಕ್ರೇಟಿಗೂ ರಿಬ್ಬನ್ನು? ಬರ್ತ್‌ಡೇನಾ?" ಟೆಂಪೋದಿಂದ ಇಳಿಯುತ್ತಾ ಡ್ರೈವರ್ ನಕ್ಕ.

ಅಪ್ಪ ನಗಲಿಲ್ಲ. ಅವನ ಕೈ ಗಂಟಿನವರೆಗೆ ಹೋಯಿತು. ಬಿಚ್ಚದೆ ಹಿಂದಕ್ಕೆ ಬಂತು. ಆಮೇಲೆ ಅವನು ಗ್ಲೌಸ್ ಕಳಚಿ, ಕ್ರೇಟಿನ ಪಕ್ಕದಲ್ಲೇ ನೆಲಕ್ಕೆ ಕುಕ್ಕರಿಸಿದ.

ಗುಬ್ಬಿ ಹೋಗಿ ಅವನಿಗೆ ಒತ್ತಿಕೊಂಡು ಕೂತಳು. ಗಂಟು ಹಾಗೇ ಇತ್ತು.