ಸೆಕೆಂಡ್ ಮುಳ್ಳಿನ ಒಂದು ಹೆಜ್ಜೆ

ಇದನ್ನು ಹೇಳುವುದಕ್ಕೆ ನೀನು ಯಾರು ಎಂದು ಯಾರಾದರೂ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಆದ್ದರಿಂದ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಒಬ್ಬನ ನಾಚಿಕೆಯನ್ನು ತೆಗೆದು ಹತ್ತು ಜನರ ಮುಂದೆ ಹರವುವುದು ಒಳ್ಳೆಯ ಕೆಲಸವಲ್ಲ. ಆದರೆ ಅವನೇ ಎದುರು ಕೂತು ಎಲ್ಲವನ್ನೂ ಹೇಳಿದ. ಬರೆಯುವುದಾದರೆ ಬರಿ, ಹೆಸರು ಮಾತ್ರ ಬೇಡ ಅಂದ. ಕೆಲಸದ ಜಾಗದಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ಉಡ ಎಂದು. ನಾನೂ ಹಾಗೇ ಕರೆಯುತ್ತೇನೆ.

ಇಪ್ಪತ್ತೆರಡು ವರ್ಷ ಅವನು ಚಿಮಣಿ ಹತ್ತಿದ. ಕಾರ್ಖಾನೆಗಳ ಹೊಗೆ ಚಿಮಣಿ ಗಟ್ಟಿಯಾಗಿದೆಯೇ, ಇಟ್ಟಿಗೆ ಬಿರಿದಿದೆಯೇ, ಸುತ್ತ ಬಿಗಿದ ಕಬ್ಬಿಣದ ಪಟ್ಟಿಗಳು ಸಡಿಲವಾಗಿವೆಯೇ ಎಂದು ನೋಡಿ ವರದಿ ಕೊಡುವುದು ಅವನ ಕಂಪನಿಯ ಕೆಲಸ. ಗೋಡೆಗೆ ಅಂಟಿದರೆ ಬಿಡುವವನಲ್ಲ ಎಂದು ಆ ಹೆಸರು ಬಿದ್ದಿತ್ತು. ಈ ವರ್ಷದ ಮೊದಲಿಗೆ ಕಂಪನಿ ಒಂದು ಡ್ರೋನ್ ತರಿಸಿತು. ಉಡನಿಗೆ ಆಗ ಐವತ್ತೊಂದು. ಮ್ಯಾನೇಜರ್ ಅವನನ್ನು ಮೂರು ತಿಂಗಳು ಸಂಜೆ ತರಗತಿಗೆ ಕಳಿಸಿ, ಸಣ್ಣ ಕ್ಯಾಮೆರಾಗಳ ರಿಪೇರಿ ಕಲಿಸಿ, ಹಿಂದಿನ ಕೋಣೆಯಲ್ಲಿ ಒಂದು ಬೆಂಚು, ಒಂದು ದೀಪ, ಒಂದು ಭೂತಗನ್ನಡಿ ಕೊಟ್ಟು ಕೂರಿಸಿದರು.

"ಉಡ ಹೋಗಿ ಹಲ್ಲಿ ಆಯ್ತಲ್ಲಪ್ಪಾ," ಎಂದು ಕಂಪನಿಯ ಡ್ರೈವರ್ ನಕ್ಕ. "ಇನ್ನೇನಿದ್ರೂ ಟ್ಯೂಬ್‌ಲೈಟ್ ಕೆಳಗೇ ಬೇಟೆ."

ಉಡನೂ ನಕ್ಕ. ಯಂತ್ರವೊಂದು ಬಂದು ತನ್ನ ಹೊಟ್ಟೆಯ ಮೇಲೆ ಹೊಡೆಯಿತು ಎಂದು ಊಟದ ಹೊತ್ತಿನಲ್ಲಿ ಎಲ್ಲರೆದುರು ಗೊಣಗಿದ. ಹಾಗೆ ಗೊಣಗುವುದು ಅವನಿಗೆ ಅನುಕೂಲವಾಗಿತ್ತು. ಒಳಗಿದ್ದದ್ದೇ ಬೇರೆ. ಅದನ್ನು ಹೆಂಡತಿಗೂ ಹೇಳಿರಲಿಲ್ಲ.

ನಾಲ್ಕು ವರ್ಷದ ಹಿಂದೆ ಅವನು ಪೇಪರ್ ಮಿಲ್ಲಿನ ಹಳೆಯ ಚಿಮಣಿ ಹತ್ತಿದ್ದ. ನೂರ ಎಂಬತ್ತು ಅಡಿ ಇಟ್ಟಿಗೆ, ಸುತ್ತ ಏಳು ಪಟ್ಟಿ. ತುದಿಯ ಏಳನೆಯ ಪಟ್ಟಿಯ ಕೆಲಸ ಮುಗಿಸಿ ಇಳಿಯಲು ಒಂದು ಕಾಲು ಕೆಳಗಿಟ್ಟ. ಕೈ ಬಿಡಲಿಲ್ಲ. ಬೆರಳುಗಳು ಏಣಿಯ ಸರಳಿಗೆ ಬಿಗಿದುಕೊಂಡು, ಬೇರೆ ಯಾರದೋ ಬೆರಳುಗಳ ಹಾಗೆ, ಅವನ ಮಾತು ಕೇಳದಾದವು. ಅರ್ಧ ಗಂಟೆ ಹಾಗೇ ನಿಂತಿದ್ದ. ಕೊನೆಗೆ ಒಂದೊಂದೇ ಬೆರಳಿಗೆ ಬುದ್ಧಿ ಹೇಳಿ ಬಿಡಿಸಿಕೊಂಡು ಇಳಿದ. ಪ್ಯಾಂಟು ಒದ್ದೆಯಾಗಿತ್ತು. ನೀರಿನ ಬಾಟಲಿ ಚೆಲ್ಲಿತು ಎಂದ.

ಮುಂದಿನ ಮೂರು ವರ್ಷ ಅವನು ಐದನೆಯ ಪಟ್ಟಿಯವರೆಗೆ ಮಾತ್ರ ಹೋದ. ಅಲ್ಲೊಂದು ಸಣ್ಣ ಅಟ್ಟಣೆಯಿದೆ, ಕೆಳಗಿನವರಿಗೆ ಕಾಣದು. ಅಲ್ಲಿ ಇಟ್ಟಿಗೆಗೆ ಬೆನ್ನು ಕೊಟ್ಟು ಕೂತು, ಮೇಲೆ ನೋಡದೆ, ತುದಿಗೆ ಹೋಗಿಬರಲು ಬೇಕಾದಷ್ಟು ಹೊತ್ತು ಕಳೆದು ಇಳಿದುಬರುತ್ತಿದ್ದ. ವರದಿಯಲ್ಲಿ ದುಂಡಗಿನ ಅಕ್ಷರದಲ್ಲಿ ಬರೆಯುತ್ತಿದ್ದ: ಏಳೂ ಪಟ್ಟಿ ನೋಡಲಾಗಿದೆ, ಸುಸ್ಥಿತಿಯಲ್ಲಿವೆ. ಚಿಮಣಿಯ ಬುಡದಲ್ಲೇ ಕಾಗದ ವಿಂಗಡಿಸುವ ಶೆಡ್ಡು, ಅದರಲ್ಲಿ ನಲವತ್ತು ಹೆಂಗಸರು. ಜೋರು ಗಾಳಿ ಬೀಸಿದಾಗಲೆಲ್ಲ ಅವನಿಗೆ ಆ ಶೆಡ್ಡಿನ ತಗಡು ನೆನಪಾಗುತ್ತಿತ್ತು. ಮರುದಿನ ಏನೂ ಆಗಿಲ್ಲವೆಂದು ಗೊತ್ತಾದರೆ ಸಮಾಧಾನವಾಗುತ್ತಿತ್ತು. ಸಮಾಧಾನವಾಯಿತಲ್ಲ ಎಂದು ಮತ್ತೆ ನಾಚಿಕೆಯಾಗುತ್ತಿತ್ತು.

ಡ್ರೋನ್ ಹಾರಿಸುತ್ತಿದ್ದವಳು ಅವನ ಹೆಂಡತಿಯ ತಂಗಿಯ ಮಗಳು. ವಯಸ್ಸು ಮೂವತ್ತಾದರೂ ಮನೆಯವರ ಬಾಯಲ್ಲಿ ಪುಟ್ಟಿ. ಮ್ಯಾನೇಜರಿಗೆ ಹೇಳಿ ಕೆಲಸ ಕೊಡಿಸಿದವನು ಉಡನೇ. ಆ ತಿಂಗಳ ಕೊನೆಗೆ ಅವಳ ಕೆಲಸ ಕಾಯಂ ಆಗಬೇಕಿತ್ತು. ಒಂದು ಸೋಮವಾರ ಅವಳು ಡ್ರೋನಿನ ಪೆಟ್ಟಿಗೆಯನ್ನು ತಂದು ಅವನ ಬೆಂಚಿನ ಮೇಲಿಟ್ಟಳು.

"ದೊಡ್ಡಪ್ಪ, ಬೈಬೇಡಿ. ಜಲ್ಲಿ ಮೇಲೆ ಇಳಿಸಿಬಿಟ್ಟೆ. ಲೆನ್ಸ್ ಪೂರ್ತಿ ಗೀರು."

"ಬೈಯೋಕೆ ನಿಮ್ಮಮ್ಮ ಇದ್ದಾಳಲ್ಲ. ಹೊಸ ಲೆನ್ಸ್ ಇದೆ, ಹಾಕಿಕೊಡ್ತೀನಿ. ಯಾವಾಗ ಬೇಕು?"

"ಭಾನುವಾರ. ಪೇಪರ್ ಮಿಲ್ಲಿಗೆ. ವರ್ಷಕ್ಕೆ ಅದೊಂದೇ ದಿನ ಅಲ್ವಾ ಅವರು ಒಲೆ ಆರಿಸೋದು. ನಿಮ್ಮ ಚಿಮಣಿ, ದೊಡ್ಡಪ್ಪ! ನೀವು ಜೀವ ಕೈಯಲ್ಲಿ ಹಿಡ್ಕೊಂಡು ಹತ್ತಿದ್ದನ್ನ ನಾನು ಕೆಳಗೆ ನಿಂತು ಬಟನ್ ಒತ್ತಿ ನೋಡೋದು. ನಾಚಿಕೆ ಆಗುತ್ತೆ ನಂಗೆ."

ಅವಳು ಹೋದ ಮೇಲೆ ಅವನು ಪೆಟ್ಟಿಗೆಯನ್ನು ತೆರೆಯದೆ ಬೆಂಚಿನ ಕೊನೆಗೆ ಸರಿಸಿದ. ನಾಲ್ಕು ವರ್ಷದಿಂದ ಯಾರೂ ನೋಡದ ಆ ತುದಿಯಲ್ಲಿ ಇಟ್ಟಿಗೆ ಉಬ್ಬಿರಬಹುದು. ಪಟ್ಟಿ ಜಾರಿರಬಹುದು. ಒಂದು ಬಿರುಕು ನಾಲ್ಕು ವರ್ಷದಲ್ಲಿ ಎಷ್ಟು ಬೆಳೆಯುತ್ತದೆ ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಭಾನುವಾರ ಅದು ಚಿತ್ರದಲ್ಲಿ ಕಂಡರೆ, ಸೋಮವಾರ ಮ್ಯಾನೇಜರ್ ಅವನ ಮೂರು ವರದಿಗಳನ್ನು ತೆಗೆಸುತ್ತಾರೆ.

ಯೋಚನೆ ಬಂದದ್ದು ಆಗ. ಅವನಿಗೇ ಆಶ್ಚರ್ಯವಾಗುವಷ್ಟು ಅಚ್ಚುಕಟ್ಟಾಗಿ ಬಂತು.

ಚಿತ್ರ ಪೂರ್ತಿ ಕೆಡಬಾರದು. ಕೆಟ್ಟರೆ ಅಲ್ಲೇ ಗೊತ್ತಾಗಿ, ಒಲೆ ಹೊತ್ತುವ ಮೊದಲೇ ಸರಿಮಾಡಿ ಮತ್ತೆ ತೆಗೆಯುತ್ತಾರೆ. ಚಿಮಣಿ ಕಾಣಬೇಕು, ಪಟ್ಟಿ ಕಾಣಬೇಕು, ಬಿರುಕು ಮಾತ್ರ ಕಾಣಬಾರದು. ಕಂಪನಿಯ ನಿಯಮದಂತೆ ಡ್ರೋನ್ ಚಿಮಣಿಯಿಂದ ಮೂವತ್ತು ಮೀಟರ್ ದೂರದಲ್ಲೇ ಹಾರಬೇಕು. ಆ ದೂರಕ್ಕೆ ಚಿತ್ರ ಕೊಂಚ ಮಸುಕಾದರೆ ಸಾಕು. ಪುಟ್ಟಿಯ ಕೈಯಲ್ಲಿರುವ ಅಂಗೈಯಗಲದ ಪರದೆಯಲ್ಲಿ, ಅದೂ ಬಿಸಿಲಿನಲ್ಲಿ, ಗೊತ್ತಾಗುವುದಿಲ್ಲ. ಆಫೀಸಿನ ದೊಡ್ಡ ಪರದೆಯಲ್ಲಿ ಗೊತ್ತಾಗುವ ಹೊತ್ತಿಗೆ ಮಿಲ್ಲಿನ ಒಲೆ ಹೊತ್ತಿರುತ್ತದೆ. ಯಾರಾದರೂ ಕೇಳಿದರೆ, ಬಿಸಿಲಿಗೆ ಲೆನ್ಸಿನ ಕೊಳವೆ ಹಿಗ್ಗಿ ಫೋಕಸ್ ಸರಿಯುವುದುಂಟು ಎಂದು ಹೇಳಬಹುದು. ಅದು ಸುಳ್ಳೂ ಅಲ್ಲ. ಸಂಜೆ ತರಗತಿಯ ಮೇಷ್ಟ್ರು ಹೇಳಿದ್ದನ್ನು ಅವನು ನೋಟ್‌ಬುಕ್ಕಿನಲ್ಲಿ ಅಡಿಗೆರೆ ಎಳೆದು ಬರೆದುಕೊಂಡಿದ್ದ. ದೊಡ್ಡ ಅನಾಹುತವಿದ್ದರೆ ಮಸುಕಿನಲ್ಲೂ ಕಾಣುತ್ತದೆ, ಹೆಂಗಸರಿಗೆ ಅಪಾಯವಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಮುಂದಿನ ವರ್ಷ ಹೇಗಾದರೂ ತಾನೇ ಹತ್ತಿ ನೋಡುತ್ತೇನೆ ಎಂದೂ ಹೇಳಿಕೊಂಡ. ಮಸುಕು ಚಿತ್ರ ತಂದವಳೆಂದು ಪುಟ್ಟಿಗೆ ಬೈಗುಳ ಬೀಳುತ್ತದೆ, ಕೆಲಸ ಕಾಯಂ ಆಗದೆಯೂ ಹೋಗಬಹುದು. ಅದಕ್ಕೆ ಮಾತ್ರ ಅವನು ತನಗೆ ಏನೂ ಹೇಳಿಕೊಳ್ಳಲಾಗಲಿಲ್ಲ. ಆ ಭಾಗವನ್ನು ದಾಟಿ ಮುಂದೆ ಹೋದ.

ಗುರುವಾರ ಮಧ್ಯಾಹ್ನ ಕೆಲಸ ಶುರುಮಾಡಿದ. ಕ್ಯಾಮೆರಾದ ಮುಂಭಾಗದ ಮೂರು ಸ್ಕ್ರೂ ಬಿಚ್ಚಿ, ಎಳ್ಳಿನಷ್ಟು ಸಣ್ಣವಾದ ಅವುಗಳನ್ನು ಬಟ್ಟಲಿನಲ್ಲಿಟ್ಟ. ಹಳೆಯ ಅಂಟನ್ನು ಬಿಸಿಗಾಳಿಯಿಂದ ಮೆದುಮಾಡಿ, ಗೀರುಬಿದ್ದ ಲೆನ್ಸನ್ನು ತಿರುಚಿ ಹೊರತೆಗೆದ. ಒತ್ತಿದರೆ ಗಾಳಿಯೂದುವ ರಬ್ಬರ್ ಬುರುಡೆಯಿಂದ ಧೂಳು ಹಾರಿಸಿ, ಉಸಿರು ಬಿಗಿಹಿಡಿದು ಹೊಸ ಲೆನ್ಸನ್ನು ಕೊಳವೆಯೊಳಗಿನ ತಿರುಪು ಗೆರೆಗಳಿಗೆ ಕೂರಿಸಿದ. ಕ್ಯಾಮೆರಾವನ್ನು ಕಿಟಕಿಯಾಚೆಯ ದೂರದ ನೀರಿನ ಟ್ಯಾಂಕಿನ ಕಡೆ ತಿರುಗಿಸಿ, ಪರದೆ ನೋಡುತ್ತ, ಟ್ಯಾಂಕಿನ ಏಣಿಯ ಒಂದೊಂದು ಮೆಟ್ಟಿಲೂ ಬಿಡಿಬಿಡಿಯಾಗಿ ಕಾಣುವವರೆಗೆ ಲೆನ್ಸನ್ನು ಹೊಂದಿಸಿದ. ಆ ಚಿತ್ರವನ್ನು ಅಚ್ಚುಹಾಕಿ ರಿಪೇರಿ ಚೀಟಿಗೆ ಪಿನ್ ಮಾಡಿದ. ಅವನ ಪ್ರಾಮಾಣಿಕತೆಗೆ ಅದೇ ಸಾಕ್ಷಿ.

ಆಮೇಲೆ ಲೆನ್ಸನ್ನು ತಿರುಗಿಸಿದ, ಗಡಿಯಾರದ ಸೆಕೆಂಡ್ ಮುಳ್ಳು ಒಂದು ಹೆಜ್ಜೆ ಇಡುವಷ್ಟು. ಒಳಕ್ಕೂ ತಿರುಗಿಸಬಹುದಿತ್ತು, ಹೊರಕ್ಕೂ. ಒಳಕ್ಕೆ ಹೋದರೆ ಹಿಂದಿನ ಗಾಜಿಗೆ ತಾಗಿ ಕ್ಯಾಮೆರಾ ಹಾಳಾದೀತೆಂದು ಹೆದರಿ ಹೊರಕ್ಕೆ ತಿರುಗಿಸಿದ. ಕಂಪನಿಯ ವಸ್ತು ಕೆಡಿಸಲು ಅವನಿಗೆ ಮನಸ್ಸಿರಲಿಲ್ಲ. ಪರದೆಯಲ್ಲಿ ಮೆಟ್ಟಿಲುಗಳು ಒಂದಕ್ಕೊಂದು ಕರಗಿ ಬೂದುಬಣ್ಣದ ಗೆರೆಯಾದವು. ಒಂದು ತೊಟ್ಟು ಅಂಟು ಬಿಟ್ಟು, ಒಣಗುವವರೆಗೆ ಕಾದು, ಸ್ಕ್ರೂ ಬಿಗಿದ.

ಭಾನುವಾರ ಮನೆಯಲ್ಲಿ ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ.

"ಏನ್ರೀ ಇದು, ಕಾಲು ಸುಟ್ಟ ಬೆಕ್ಕಿನ ಹಾಗೆ?" ಎಂದಳು ಹೆಂಡತಿ. "ಪುಟ್ಟಿ ಚಿಂತೆನಾ? ನೀವೇ ಕೂರಿಸಿದ ಲೆನ್ಸ್ ಅಂತ ನಮ್ಮ ತಂಗಿ ಎಷ್ಟು ಧೈರ್ಯವಾಗಿದ್ದಾಳೆ ಗೊತ್ತಾ? ನೀವು ಒಳ್ಳೆ..."

"ಚಿಂತೆ ಯಾಕೆ," ಅಂದ. ಹೆಂಡತಿಯ ಮುಖ ನೋಡಲಾಗದೆ ಹೊರಗೆ ಹೋಗಿ ಚಪ್ಪಲಿಗಳನ್ನು ಸಾಲಾಗಿ ಜೋಡಿಸಿದ.

ಸೋಮವಾರ ಬೆಳಗ್ಗೆ ಪುಟ್ಟಿ ಅವನನ್ನು ಚಿತ್ರ ನೋಡುವ ಕೋಣೆಗೆ ಕರೆದು ಬಾಗಿಲು ಮುಂದಕ್ಕೆ ಮಾಡಿದಳು.

"ದೊಡ್ಡಪ್ಪ, ಮೊದಲು ಇದನ್ನ ನೋಡಿ. ಮೂವತ್ತು ಮೀಟರಿಂದ ತೆಗೆದಿದ್ದು. ಮಸುಕು."

"ಬಿಸಿಲಿಗೆ ಕೊಳವೆ ಹಿಗ್ಗಿರಬೇಕು," ಎಂದ ಉಡ. ಮಾತು ಬೇಗ ಬಂತು, ಬೇಕಾದ್ದಕ್ಕಿಂತ ಬೇಗ.

"ಇರಬಹುದು. ಅಲ್ಲೇ ದೊಡ್ಡದು ಮಾಡಿ ನೋಡಿದೆ, ಜೀವ ಹಾರಿಹೋಯ್ತು. ಆಮೇಲೆ ಯೋಚನೆ ಮಾಡಿದೆ. ದೊಡ್ಡಪ್ಪ ಕೂರಿಸಿದ್ದು ಕೆಟ್ಟಿರಲ್ಲ, ದೂರಕ್ಕೆ ಹೊಂದಿಲ್ಲ ಅಷ್ಟೇ ಅಂತ. ನನ್ನ ಕಣ್ಣೂ ಹಾಗೇ ಅಲ್ವಾ? ಕನ್ನಡಕ ತೆಗೆದ್ರೆ ಗೋಡೆ ಗಡಿಯಾರ ಕಾಣಲ್ಲ, ಆದ್ರೆ ಸೂಜಿಗೆ ದಾರ ಪೋಣಿಸ್ತೀನಿ. ಅದಕ್ಕೆ ಹತ್ತಿರ ಹೋದೆ. ಎಂಟಡಿ ಹತ್ತಿರ."

"ಎಂಟಡಿ? ಗಾಳಿಗೆ ಚಿಮಣಿಗೆ ಬಡಿದಿದ್ರೆ?"

"ಕೆಲಸ ಹೋಗ್ತಿತ್ತು," ಎಂದು ನಕ್ಕಳು. "ಸಾಹೇಬ್ರಿಗೆ ಮಸುಕಿನ ಚಿತ್ರ ತೋರಿಸಿಲ್ಲ. ಸುಮ್ಮನೆ ನಿಮ್ಮ ಹೆಸರು ಯಾಕೆ ಬರಬೇಕು? ಹತ್ತಿರದಿಂದ ನೋಡಬೇಕು ಅನ್ನಿಸ್ತು, ಹೋದೆ ಅಂತೀನಿ. ಬೈದ್ರೆ ನನಗೆ ಬೈಲಿ."

ಅವನಿಗೆ ಅಲ್ಲೇ ನೆಲ ಬಿರಿದು ಒಳಗೆ ಹೋಗಿಬಿಡಬೇಕೆನಿಸಿತು. ಲೆನ್ಸ್ ಹೊರಕ್ಕೆ ಬಂದರೆ ಹತ್ತಿರದ್ದು ಸ್ಪಷ್ಟವಾಗುತ್ತದೆ ಎಂದು ಮೇಷ್ಟ್ರು ಎರಡನೆಯ ವಾರವೇ ಬೋರ್ಡಿನ ಮೇಲೆ ಬರೆದಿದ್ದರು. ಅದೂ ಅವನ ನೋಟ್‌ಬುಕ್ಕಿನಲ್ಲಿತ್ತು. ಆದರೆ ಅವನದು ಹತ್ತಿರದ್ದು ಕಾಣದ ವಯಸ್ಸಿನ ಕಣ್ಣು; ಮಸುಕು ಎಂದರೆ ಹತ್ತಿರ ಹೋದಷ್ಟೂ ಮಸುಕೇ ಎಂದುಕೊಂಡಿದ್ದ.

ಅವಳು ಹತ್ತಿರದ ಚಿತ್ರಗಳನ್ನು ಒಂದೊಂದಾಗಿ ತೆರೆದಳು. ಇಟ್ಟಿಗೆಯ ಮೇಲೆ ಹರಿಯುವ ಇರುವೆ ಕೂಡ ಕಾಣುತ್ತಿತ್ತು. ಐದನೆಯ ಪಟ್ಟಿ, ಆರನೆಯದು, ಏಳನೆಯದು. ಎಲ್ಲಿಯೂ ಇಟ್ಟಿಗೆ ಉಬ್ಬಿರಲಿಲ್ಲ. ಕೂದಲೆಳೆಯಷ್ಟೂ ಬಿರುಕಿರಲಿಲ್ಲ. ತುದಿಯ ಸುತ್ತು ಹೊಸದಾಗಿ ಕಟ್ಟಿದಂತೆ ಗಟ್ಟಿಯಾಗಿ ನಿಂತಿತ್ತು. ಅಷ್ಟರಲ್ಲಿ ಮ್ಯಾನೇಜರ್ ಬಾಗಿಲು ತಳ್ಳಿಕೊಂಡು ಬಂದರು, ಪರದೆಗೆ ಬಾಗಿದರು, ನಿಯಮ ಮುರಿದದ್ದಕ್ಕೆ ಬೈಯುವುದನ್ನೂ ಮರೆತರು.

"ಭೇಷ್! ಇಂಥಾ ಚಿತ್ರ ನಾನು ನೋಡೇ ಇಲ್ಲ. ಏನಯ್ಯಾ ಉಡ, ಲೆನ್ಸ್ ನಿಂದೇ ಕೈಚಳಕ ತಾನೆ? ಚಿಮಣಿನೂ ನೀನು ಬರೆದ ಹಾಗೇ ಇದೆ ನೋಡು, ಸುಸ್ಥಿತಿ."

ಉಡನ ಕಣ್ಣಲ್ಲಿ ನೀರು ಬಂತು. ಅದು ಸಂತೋಷದ್ದೆಂದು ಅವರು ತಿಳಿದಿರಬೇಕು.

"ಒಂದೇ ಒಂದು ಅರ್ಥ ಆಗಲಿಲ್ಲ, ದೊಡ್ಡಪ್ಪ," ಎಂದಳು ಪುಟ್ಟಿ, ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು. "ಐದನೇ ಪಟ್ಟಿವರೆಗೂ ನಟ್ಟುಗಳ ಮೇಲೆ ಕೆಂಪು, ಹಸಿರು, ನೀಲಿ, ಬಿಳಿ ನಾಲ್ಕು ಗೆರೆ ಇವೆ. ಮೇಲಿನ ಎರಡು ಪಟ್ಟಿಲಿ ಬರೀ ಕೆಂಪು. ಯಾಕೆ?" ನಟ್ಟು ಬಿಗಿದ ಮೇಲೆ ಅದರಿಂದ ಪಟ್ಟಿಗೆ ಹಾಯುವಂತೆ ಬಣ್ಣದ ಒಂದು ಗೆರೆ ಎಳೆಯಬೇಕು, ನಟ್ಟು ಆಮೇಲೆ ಕದಲಿದರೆ ಗೆರೆ ಮುರಿಯುತ್ತದೆ. ವರ್ಷಕ್ಕೊಂದು ಬಣ್ಣ. ಆ ಪದ್ಧತಿ ತಂದವನು ಉಡನೇ, ವರ್ಷವರ್ಷವೂ ಹೊಸ ಬಣ್ಣದ ಡಬ್ಬಿ ತರಿಸಿಕೊಟ್ಟವರು ಮ್ಯಾನೇಜರ್. ಕೆಂಪು ನಾಲ್ಕು ವರ್ಷದ ಹಿಂದಿನದು. ಇಟ್ಟಿಗೆ, ಬಿರುಕು, ಬಿಸಿಲು, ಅಂಟು ಎಲ್ಲವನ್ನೂ ಯೋಚಿಸಿದವನಿಗೆ ತನ್ನದೇ ಕುಂಚ ನೆನಪಾಗಿರಲಿಲ್ಲ. ಲೆನ್ಸನ್ನು ಸರಿಯಾಗಿ ಕೂರಿಸಿದ್ದರೆ ಪುಟ್ಟಿ ಮೂವತ್ತು ಮೀಟರ್ ದೂರದಲ್ಲೇ ಹಾರಿಸಿ ಮನೆಗೆ ಬರುತ್ತಿದ್ದಳು. ಆ ದೂರಕ್ಕೆ ಬೆರಳಗಲದ ಗೆರೆಗಳು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಮ್ಯಾನೇಜರ್ ಪರದೆಯಿಂದ ಮುಖ ತಿರುಗಿಸಿ, ಅವನ ಹಿಂದಿನ ಮೂರು ವರದಿಗಳನ್ನು ತರಲು ಹೇಳಿದರು. ಲೆನ್ಸ್ ತಿರುಗಿಸಿದ ಸಂಗತಿ ಕಂಪನಿಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ, ಯಾರೂ ಕೇಳಲೂ ಇಲ್ಲ. ಪುಟ್ಟಿ ತಿಳಿಯದೆ ಕೇಳಿದಳೋ, ಎಲ್ಲ ತಿಳಿದು ಮ್ಯಾನೇಜರ್ ಬರಲೆಂದು ಕಾದು ಕೇಳಿದಳೋ, ಅವನಿಗೆ ಇವತ್ತಿಗೂ ಗೊತ್ತಿಲ್ಲ. ಅವಳನ್ನು ಕೇಳುವ ಮುಖ ಅವನಿಗೆ ಉಳಿದಿಲ್ಲ. ನನಗೂ ಗೊತ್ತಿಲ್ಲ.