ಬೇಟೆಗೆ ಮೊದಲೇ ಹಾಕಿದ ಪಾಲು

“ಬೇಟೆಗೆ ಹೋಗುವ ಮೊದಲು ಪಾಲು ಹಾಕಬೇಡ ಮಾರಾಯ. ನಮ್ಮ ಊರಿನಲ್ಲಿ ಮಾಟ ಮಾಡುವುದೇ ಹಾಗೆ,” ಎಂದರು ಗುಲಾಬಮ್ಮ.

ಅಪ್ಪಾಸಾಹೇಬ ಹೊಟ್ಟೆ ಹಿಡಿದುಕೊಂಡು ನಕ್ಕ.

ಭಾನುವಾರ ಸ್ಯಾನ್ ಹೊಸೆಯ ಪಾರ್ಕಿನಲ್ಲಿ ಕನ್ನಡದವರ ಪಿಕ್‌ನಿಕ್ಕು. ಬೆಳಗಾವಿ ಕಡೆಯ ಅಪ್ಪಾಸಾಹೇಬ ಒಹಾಯೋ ಬಿಟ್ಟು ಈ ಊರಿಗೆ ಬಂದು ನಾಲ್ಕು ತಿಂಗಳು. ಹೆಂಡತಿ ತೀರಿಕೊಂಡು ಎರಡು ವರ್ಷ. ಎಲ್ಲರೂ ನಕ್ಕು ಮಾತಾಡಿಸುತ್ತಿದ್ದರು, ಯಾರೊಬ್ಬರೂ ಮನೆಗೆ ಕರೆದಿರಲಿಲ್ಲ. ಅವತ್ತು ಮಾತ್ರ, ಶನಿವಾರ ಜಿಂಕೆ ಬೇಟೆಗೆ ಸಿಯೆರಾ ಬೆಟ್ಟ ಹತ್ತುತ್ತೇನೆ, ಸರ್ಕಾರಿ ಕಾಡು, ಲೈಸೆನ್ಸಿದ್ದರೆ ಯಾರ ಅಪ್ಪಣೆಯೂ ಬೇಡ ಎಂದು ಬಾಯಿಬಿಟ್ಟಿದ್ದೇ ತಡ, ಕುರ್ಚಿಗಳೆಲ್ಲ ಅವನತ್ತ ತಿರುಗಿದವು. ಪಾಪ, ಉಬ್ಬಿಹೋದ. ಗುಲಾಬಮ್ಮನ ಮಗ ಗುಣಪಾಲನಿಗೆ ಬಲತೊಡೆ ಎಂದ. ಮೈಸೂರಿನ ದ್ವಾರಕಾನಾಥ ಹೆಂಡತಿ ರಮಾಗೆ ಕೇಳಿಸದ ಹಾಗೆ, “ಅಮೆರಿಕಕ್ಕೆ ಬಂದು ಎಲ್ಲಾ ತಿಂದಾಯ್ತು ಕಣ್ರೀ, ನಾಲಗೆ ಒಂದು ಬಾಕಿ,” ಎಂದ. ಅವನಿಗೆ ನಾಲಗೆ. ಹಿರಿಯರೆಂದು ಗುಲಾಬಮ್ಮನಿಗೆ ಗುಂಡಿಗೆ.

ಉಡುಪಿ ಕಡೆಯ ಆ ಮುದುಕಿಯ ಮುಖ ಬಿಳಿಚಿಕೊಂಡಿತು. “ನನ್ನ ತಮ್ಮನಿಗೆ ಹಾಗೇ ಮಾಡಿದ್ದು. ಅವನ ಹೆಸರು ಹೇಳಿ ಎಲೆಯಲ್ಲಿ ಪಾಲು ಹಾಕಿದರು. ಪಾಲು ಹಾಕಿದ ಮೇಲೆ ಕಾಡಿಗೆ ಒಂದು ಮೈ ಬೇಕು. ಬೇಟೆಯ ದಿನಕ್ಕೆ ಅದು ಕಾಯುವುದಿಲ್ಲ. ಮಿಕ ಇನ್ನೂ ಬಿದ್ದಿರದಿದ್ದರೆ ಬೇಟೆಗಾರನದ್ದೇ.”

“ಅಮ್ಮಾರ, ಇದು ಅಮೆರಿಕಾ. ಇಲ್ಲಿ ಎಲ್ಲಿ ಮಾಟಾ?”

ಮನೆಗೆ ಬಂದವನು ಊಟದ ಮೇಜಿನ ಮೇಲೆ ಬೆಟ್ಟದ ನಕಾಶೆ ಹರಡಿದ. ನಾಲ್ಕು ಕುರ್ಚಿಗಳಲ್ಲಿ ಮೂರರ ಪ್ಲಾಸ್ಟಿಕ್ಕು ಇನ್ನೂ ಬಿಚ್ಚಿರಲಿಲ್ಲ. ಎಲ್ಲಿ ಡೇರೆ, ಎಲ್ಲಿ ನೀರು, ಎಷ್ಟು ಹೊತ್ತಿಗೆ ಹೊರಡುವುದು, ಎಲ್ಲ ಬರೆದ. ಆಮೇಲೆ ಮಾಂಸ ಕಟ್ಟುವ ಬಿಳಿ ಕಾಗದ ಕತ್ತರಿಸಿ ಮೂರು ಹೆಸರು, ಮೂರು ಪಾಲು ಬರೆದ. ಪ್ರತಿಯೊಂದರ ತಲೆಯ ಮೇಲೂ ದಪ್ಪಕ್ಷರದಲ್ಲಿ ‘ಅಪ್ಪಾಸಾಹೇಬನ ಬೇಟೆ’. ಪಕ್ಕದಲ್ಲಿ ದಾರದ ಉಂಡೆ ಇಟ್ಟು, ಬಹಳ ದಿನದ ಮೇಲೆ ಸುಖವಾಗಿ ಮಲಗಿದ.

ಸೋಮವಾರ ಸಂಜೆ ಆಫೀಸಿನಿಂದ ಬಂದು ಬಾಗಿಲು ತೆರೆದರೆ ಒದ್ದೆ ರೋಮದ ವಾಸನೆ. ಹಸಿ ರಕ್ತದ ಕಮಟು. ಕಾರ್ಪೆಟ್ಟಿನ ಮೇಲೆ ಹೆಜ್ಜೆಯಿಟ್ಟರೆ ಒಣ ತರಗೆಲೆ ತುಳಿದ ಸದ್ದು. ಬಗ್ಗಿ ನೋಡಿದರೆ ಎಲೆಯಿಲ್ಲ. ಮೇಜಿನ ಮೇಲೆ ಎರಡೇ ಕಾಗದ.

ಫೋನು ಹೊಡೆದುಕೊಂಡಿತು. ಗುಣಪಾಲ.

“ಈಗಷ್ಟೇ ಕಟ್ಟು ಬಿಚ್ಚಿದೆ, ಮಾಂಸ ಫಸ್ಟ್ ಕ್ಲಾಸ್ ಉಂಟು ಅಪ್ಪಾಸಾಹೇಬ್ರೇ! ಶನಿವಾರ ಅಂದವರು ಮೊದಲೇ ಹೋಗಿ ಬಂದ್ರಾ? ಬಾಗಿಲಲ್ಲಿಟ್ಟು ಹೋಗುವುದಾ, ಬೆಲ್ ಮಾಡಬಾರದಾ?”

ಉತ್ತರ ಕೊಡುವ ಮೊದಲೇ ಬಲಗಾಲು ಕುಸಿಯಿತು. ಪ್ಯಾಂಟಿನ ಮೇಲೆ ಕೈಯಾಡಿಸಿದ. ತೊಡೆ ಇರಬೇಕಾದಲ್ಲಿ ಚರ್ಮ ಸುತ್ತಿದ ಮೂಳೆ.

ಮಂಗಳವಾರ ಟ್ಯಾಕ್ಸಿಯಲ್ಲಿ ಡಾಕ್ಟರ ಹತ್ತಿರ ಹೋದ. ಅವರು ಕಾಲನ್ನು ತಿರುಗಿಸಿ ನೋಡಿ, ಮತ್ತೆ ಮತ್ತೆ ನೋಡಿ, ಊರುಗೋಲು ಕೊಟ್ಟು ಕಳಿಸಿದರು.

ಬುಧವಾರ ಸಂಜೆ ಗುಲಾಬಮ್ಮನ ಫೋನು.

“ನನ್ನ ಹೆಸರಿನ ಕಟ್ಟು ಬಂದಿದೆ ಮಗಾ. ಕೈಯಲ್ಲಿ ಹಿಡಿದರೆ ಮಿಡಿಯುತ್ತದೆ.”

“ತಪ್ಪಾತ್ರಿ ಅಮ್ಮಾ. ನನ್ನ ಉಳಸ್ರಿ.”

“ಬಿಚ್ಚದಿದ್ದರೆ ನಿನ್ನದು ನಿನ್ನಲ್ಲೇ ಉಂಟು. ಎಸೆದರೆ ನಾಯಿ ಬಿಚ್ಚೀತು. ಫ್ರೀಜರಿನ ಅಡಿಯಲ್ಲಿ ಇಡ್ತೇನೆ. ಶನಿವಾರ, ನೀನು ಹೇಳಿದ ಬೇಟೆಯ ದಿನ, ಸೂರ್ಯ ಹುಟ್ಟಿದರೆ ಮಾಟ ಕಡಿಯಿತು. ಅಷ್ಟರವರೆಗೆ ಹಿಡಿದುಕೋ.”

ಅವನು ಮೇಜು ನೋಡಿದ. ಒಂದು ಕಾಗದವೂ ಇಲ್ಲ. ತಕ್ಷಣ ದ್ವಾರಕಾನಾಥನ ನಂಬರು ತಿರುಗಿಸಿದ. ಎತ್ತಿಕೊಂಡವಳು ರಮಾ. ಮಾಂಸದ ಸಂಗತಿ ಅವಳಿಗೆ ಹೇಳುವುದು ಹೇಗೆ? ಜೀವ ಹೋಗುವ ಹೊತ್ತಿನಲ್ಲೂ ಸಂಕೋಚ ನೋಡಿ.

“ಅವರ್ನ... ಸ್ವಲ್ಪ ಕರೀತೀರೇನ್ರಿ?”

“ಗರಾಜಲ್ಲಿ ಗ್ರಿಲ್ ಹಚ್ಕೊಂಡು ಏನೋ ಪೊಟ್ಟಣ ಬಿಚ್ತಾ ಇದಾರೆ. ಏನು ಹೇಳ್ಲಿ?”

ಬಿಚ್ಚಬ್ಯಾಡ ಅನ್ರಿ. ಅಷ್ಟೇ ಹೇಳಬೇಕಿತ್ತು. ಬಾಯಿ ತೆರೆದ. ಬರೀ ಗಾಳಿ ಬಂತು. ಬೆರಳು ಹಾಕಿ ತಡಕಿದ. ಹಲ್ಲಿತ್ತು. ಅದರ ಹಿಂದೆ ಬರಿದು.

“ಹಲೋ? ಹಲೋ?” ಎಂದು ರಮಾ ಫೋನಿಟ್ಟಳು.

ಗುರುವಾರ ಅವನನ್ನು ಕೇಳಿಕೊಂಡು ಯಾರೂ ಬರಲಿಲ್ಲ. ಕಾರು ಓಡಿಸಲು ಕಾಲಿಲ್ಲ, ಕೂಗಲು ನಾಲಗೆಯಿಲ್ಲ, ಪಕ್ಕದ ಮನೆಯವರ ಹೆಸರೂ ಗೊತ್ತಿಲ್ಲ. ಗೋಡೆಯಾಚೆ ಯಾರದೋ ಟಿವಿಯಲ್ಲಿ ಜನ ನಗುತ್ತಿದ್ದರು. ಎದೆಯ ಮೇಲೆ ಅಂಗೈಯಿಟ್ಟುಕೊಂಡು ಕೂತ. ಬಡಿಯುತ್ತಿತ್ತು. ಆ ಸದ್ದೊಂದೇ ಅವನಿಗೆ ಜೊತೆ. ದೂರದಲ್ಲೊಬ್ಬ ಮುದುಕಿ ತನ್ನನ್ನು ಕಾಯುತ್ತಿದ್ದಾಳೆ ಎಂದು ನೆನೆದು ಅತ್ತುಬಿಟ್ಟ.

ಶುಕ್ರವಾರ ಸಂಜೆ ಆರು ಗಂಟೆ. ಇನ್ನೊಂದೇ ರಾತ್ರಿ. ಫೋನು ಹೊಡೆದುಕೊಂಡಿತು.

“ಅಪ್ಪಾಸಾಹೇಬ್ರೇ, ಗುಣಪಾಲ. ಅಮ್ಮ ಸ್ಯಾನ್ ಮಟಿಯೋದಲ್ಲಿ ಪೂಜೆ ಅಂತ ಹೋಗಿದ್ದಾರೆ. ಐಸ್ ತೆಗೀಲಿಕ್ಕೆ ಹೋದ್ರೆ ಫ್ರೀಜರಿನಲ್ಲಿ ನಿಮ್ಮದೊಂದು ಕಟ್ಟು! ಅದನ್ನು ಮುಟ್ಟಬೇಡ ಅಂತ ಹೇಳಿ ಹೋಗಿದ್ದಾರೆ ಮಾರಾಯ್ರೇ. ಮಾಟ ಅಂತೆ!” ಗುಣಪಾಲ ನಕ್ಕ. ಪಾರ್ಕಿನಲ್ಲಿ ಅಪ್ಪಾಸಾಹೇಬ ನಕ್ಕದ್ದೂ ಹೀಗೆಯೇ.

ಆ ಕಡೆ ಬಾಣಲೆಯಲ್ಲಿ ಎಣ್ಣೆ ಕಾಯುವ ಸದ್ದು. ಸಾಸಿವೆ ಸಿಡಿಯಿತು.

ಅಪ್ಪಾಸಾಹೇಬ ರಿಸೀವರನ್ನು ಮೇಜಿಗೆ ಬಡಿದ. ಮತ್ತೆ ಬಡಿದ. ಗಂಟಲಿನಿಂದ ಗೊರಗೊರ ಸದ್ದು ಹೊರಟಿತು.

“ಏನು, ಲೈನು ಸರಿಯಿಲ್ಲವಾ? ಕೇಳ್ತದಾ? ಒಬ್ಬರೇ ಅಲ್ಲಿ ಏನು ಮಾಡ್ತೀರಿ? ನಮ್ಮ ಮನೆಗೆ ಊಟಕ್ಕೆ ಬನ್ನಿ. ನಿಮ್ಮ ತಟ್ಟೆ ಹಾಕಿಟ್ಟಿದ್ದೇನೆ.”

ನಾಲ್ಕು ತಿಂಗಳಿಂದ ಅವನು ಕಾದಿದ್ದದ್ದು ಆ ಒಂದು ಮಾತಿಗೆ.

ಕತ್ತರಿ ದಾರ ಕತ್ತರಿಸಿದ ಸದ್ದು ಫೋನಿನಲ್ಲಿ ಸ್ಪಷ್ಟವಾಗಿ ಕೇಳಿಸಿತು. ಅಪ್ಪಾಸಾಹೇಬ ಎದೆ ಮುಟ್ಟಿ ನೋಡಿಕೊಂಡ. ಅಂಗೈಯ ಕೆಳಗೆ ಏನೂ ಬಡಿಯುತ್ತಿರಲಿಲ್ಲ.